ಕದಿರ ಎಂಬ ಹೆಸರು ಕಾಗದಕ್ಕೆ ಏರಿದ ಕಥೆ

ಮಗನ ಆಧಾರ್ ಕಾರ್ಡ್ ಕಳೆದ ವಾರ ಅಂಚೆಯಲ್ಲಿ ಬಂತು. ನೀಲಿ ಬಣ್ಣದ್ದು, ಐದು ವರ್ಷದೊಳಗಿನ ಮಕ್ಕಳಿಗೆ ಕೊಡುವಂಥದ್ದು. ಲಕೋಟೆ ಹರಿದು ನಾನು ಮೊದಲು ನೋಡಿದ್ದು ಫೋಟೋ ಅಲ್ಲ, ಹೆಸರಿನ ಕನ್ನಡ ಸಾಲು. ಕ, ದಿ, ರ. ಮೂರೂ ಅಕ್ಷರ ಸರಿ ಇದ್ದವು. ಅಲ್ಲೇ ಬಾಗಿಲ ಹತ್ತಿರ ಕುಳಿತು ಸ್ವಲ್ಪ ಹೊತ್ತು ಅತ್ತೆ.

ಈ ಮೂರು ಅಕ್ಷರಕ್ಕೆ ಒಂಬತ್ತು ತಿಂಗಳು ಹಿಡಿದಿದೆ. ಮೂರು ತಿಂಗಳು ಹುಡುಕಿದ್ದು, ಉಳಿದದ್ದೆಲ್ಲ ಕಾಗದದ ಓಡಾಟ. ಯಾರಿಗೂ ಇಡದ ಹೆಸರು ಮಗನಿಗೆ ಇಡಬೇಕು ಅಂತ ಯೋಚಿಸುತ್ತಿರುವವರು ಸುಮ್ನೆ ಒಮ್ಮೆ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ನನಗೆ ಇದನ್ನೆಲ್ಲ ಮೊದಲೇ ಯಾರಾದರೂ ಹೇಳಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಹೆರಿಗೆಯಾದ ಮಾರನೇ ದಿನದಿಂದಲೇ ಶುರು ಮಾಡುತ್ತೇನೆ. ಹೊಲಿಗೆ ನೋವಿನಲ್ಲಿ ಮಲಗಿದ್ದೆ. ಆಸ್ಪತ್ರೆಯ ಸಿಬ್ಬಂದಿ ಒಬ್ಬರು ಫಾರಂ ಹಿಡಿದು ಬಂದರು. ಜನನ ವರದಿಯ ಫಾರಂ, ನಮೂನೆ 1. ತಂದೆ ತಾಯಿಯ ಹೆಸರು, ಆಧಾರ್ ಸಂಖ್ಯೆ, ವಿಳಾಸ ಎಲ್ಲ ಬರೆದುಕೊಂಡರು. ಆಮೇಲೆ "ಮಗುವಿನ ಹೆಸರು ಹೇಳಿ, ಈಗಲೇ ಹಾಕಿಬಿಟ್ಟರೆ ಮತ್ತೆ ತಾಪತ್ರಯ ಇರೋದಿಲ್ಲ" ಎಂದರು. ನನ್ನ ಗಂಡ ನನ್ನ ಮುಖ ನೋಡಿದರು. ನಮ್ಮ ಹತ್ತಿರ ಹೆಸರೇ ಇರಲಿಲ್ಲ. ಹೆಣ್ಣುಮಗು ಅಂತ ಯಾಕೋ ಮನಸ್ಸಿಗೆ ಬಂದಿತ್ತು, ಹೆಣ್ಣು ಹೆಸರುಗಳು ನಾಲ್ಕು ಸಿದ್ಧವಿದ್ದವು, ಗಂಡು ಹೆಸರು ಒಂದೂ ಇರಲಿಲ್ಲ. ಅವರು ಮತ್ತೆ ಮತ್ತೆ ಕೇಳಿದಾಗ ಗಂಡ ಗಾಬರಿಯಲ್ಲಿ ಫೋನ್ ತೆಗೆದು ಹೆಸರುಗಳ ಪಟ್ಟಿ ಹುಡುಕಲು ಶುರು ಮಾಡಿದರು. ಇನ್ನೊಂದು ನಿಮಿಷ ಹೋಗಿದ್ದರೆ ನನ್ನ ಮಗ ಇವತ್ತು ಆರವ್ ಆಗಿರುತ್ತಿದ್ದ.

ಪಕ್ಕದ ಹಾಸಿಗೆಯ ಬಾಣಂತಿಯ ಅಮ್ಮ ನಮ್ಮನ್ನು ಉಳಿಸಿದರು. "ಖಾಲಿ ಬಿಡಿ, ನನ್ನ ಮೊದಲ ಮೊಮ್ಮಗಳಿಗೂ ಖಾಲಿ ಬಿಟ್ಟು ಆಮೇಲೆ ಸೇರಿಸಿದ್ದು" ಎಂದರು. ಹೌದು, ಬಿಡಬಹುದು. ಫಾರಂನಲ್ಲೇ ಬರೆದಿರುತ್ತದೆ, ಹೆಸರಿಡದಿದ್ದರೆ ಖಾಲಿ ಬಿಡಿ ಅಂತ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಅದು ಬೇರೆ ವಿಷಯ. ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ವರದಿಯನ್ನು ಆಸ್ಪತ್ರೆಯವರೇ ಕಳಿಸುತ್ತಾರೆ. ಹೆಸರಿಗೆ ಅಷ್ಟು ಅವಸರ ಇಲ್ಲ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಯಾವ ಶುಲ್ಕವೂ ಇಲ್ಲದೆ ಹೆಸರು ಸೇರಿಸಬಹುದು. ಅದು ದಾಟಿದರೆ ತಡವಾದದ್ದಕ್ಕೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಲು ಅವಕಾಶ ಇದೆ. ಆಸ್ಪತ್ರೆ ಮಂಚದ ಮೇಲೆ, ನಿದ್ದೆಗಣ್ಣಿನಲ್ಲಿ, ಯಾರದೋ ಒತ್ತಾಯಕ್ಕೆ ಹೆಸರು ಹೇಳಬೇಡಿ. ಒಮ್ಮೆ ಬರೆದ ಹೆಸರನ್ನು ತೆಗೆಯುವುದು ಖಾಲಿ ಜಾಗ ತುಂಬುವುದಕ್ಕಿಂತ ಎಷ್ಟೋ ಕಷ್ಟ.

ಮನೆಗೆ ಬಂದ ಮೇಲೆ ಹುಡುಕಾಟ ಶುರುವಾಯಿತು. ಅತ್ತೆಗೆ ಮಾವನ ಹೆಸರು ಇಡಬೇಕು ಎಂಬ ಆಸೆ. ಮಾವ ತೀರಿಹೋಗಿ ಎರಡು ವರ್ಷವಾಗಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಗುವನ್ನು ಎತ್ತಿಕೊಂಡಾಗ "ಅಜ್ಜನ ಹಣೆ ನೋಡು" ಎನ್ನುತ್ತಿದ್ದರು. ನನಗೆ ಸಂಕಟ. ಮಾವ ನನಗೂ ಇಷ್ಟದವರು, ಆದರೆ ಆ ಹೆಸರಿನ ಮೂವರು ನಮ್ಮ ಬಳಗದಲ್ಲೇ ಇದ್ದಾರೆ. ನನ್ನ ಕ್ಲಾಸಿನಲ್ಲಿ ನನ್ನ ಹೆಸರಿನವರು ನಾಲ್ಕು ಜನ ಇದ್ದೆವು, ಹತ್ತು ವರ್ಷ ಇನಿಷಿಯಲ್ ಹಚ್ಚಿಕೊಂಡೇ ಕಳೆದೆ. ಅದು ಇವನಿಗೆ ಬೇಡ ಅಂತ ನನ್ನ ಹಟ.

ಜಾತಕ ಬರೆಸಿದಾಗ ಆರ್ದ್ರಾ ನಕ್ಷತ್ರ, ಮೂರನೇ ಪಾದ ಎಂದು ಬಂತು. ಆರ್ದ್ರಾ ನಕ್ಷತ್ರದ ನಾಲ್ಕು ಪಾದಕ್ಕೆ ಅಕ್ಷರಗಳು ಕು, ಘ, ಙ, ಛ. ಮೂರನೆಯದು ಙ. ಙ ಅಕ್ಷರದಿಂದ ಶುರುವಾಗುವ ಹೆಸರು ಯಾರಾದರೂ ಕೇಳಿದ್ದೀರಾ? ಮನೆಯಲ್ಲಿ ಎರಡು ದಿನ ಇದೇ ಚರ್ಚೆ. ಕೊನೆಗೆ ಜೋಯಿಸರೇ ಬಿಡಿಸಿದರು. ನಕ್ಷತ್ರನಾಮ ಬೇರೆ, ವ್ಯವಹಾರಕ್ಕೆ ಕರೆಯುವ ಹೆಸರು ಬೇರೆ, ಕಿವಿಯಲ್ಲಿ ಎರಡು ಮೂರು ಹೆಸರು ಹೇಳುವ ಪದ್ಧತಿ ಮೊದಲಿನಿಂದಲೂ ಇದೆ, ಕರೆಯುವ ಹೆಸರಿಗೆ ಅಕ್ಷರದ ಕಟ್ಟು ಇಲ್ಲ ಎಂದರು. ಇದನ್ನು ನೆನಪಿಟ್ಟುಕೊಳ್ಳಿ. ಹಿರಿಯರ ಆಸೆಗೂ ನಿಮ್ಮ ಆಸೆಗೂ ಇದರಲ್ಲಿ ಜಾಗ ಇದೆ. ಮಾವನ ಹೆಸರನ್ನೂ ತೊಟ್ಟಿಲ ದಿನ ಕಿವಿಯಲ್ಲಿ ಹೇಳೋಣ ಎಂದು ನಾನೇ ಅತ್ತೆಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಸಂಜೆ ನನಗೆ ಮೆಣಸಿನ ಸಾರು ತಂದುಕೊಟ್ಟಾಗ ಮುಖ ಸ್ವಲ್ಪ ಹಗುರವಾಗಿತ್ತು.

ಮೊದಲು ನಾನೂ ಎಲ್ಲರ ಹಾಗೆ ಆನ್‌ಲೈನ್ ಪಟ್ಟಿಗಳನ್ನೇ ನೋಡಿದೆ. ಒಂದೇ ಹೆಸರಿಗೆ ಒಂದು ಕಡೆ ಸೂರ್ಯ ಅಂತ ಅರ್ಥ, ಇನ್ನೊಂದು ಕಡೆ ಶಾಂತಿ, ಮತ್ತೊಂದು ಕಡೆ ವಿಷ್ಣುವಿನ ಹೆಸರು. ಅದ್ವಿಕ್ ಎಂದರೆ ಬೇರೆ ಯಾರಂತೆಯೂ ಇಲ್ಲದವನು ಎಂದು ಎಲ್ಲ ಪಟ್ಟಿಯಲ್ಲೂ ಇರುತ್ತದೆ. ಅದ್ವಿತೀಯ ಎಂಬ ಪದ ನಿಘಂಟಿನಲ್ಲಿ ಸಿಕ್ಕಿತು, ಅದ್ವಿಕ್ ನನಗೆ ಎಲ್ಲೂ ಸಿಗಲಿಲ್ಲ. ಯಾರಂತೆಯೂ ಇಲ್ಲದವನು ಎಂಬ ಅರ್ಥದ ಆ ಹೆಸರು ಈಗ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇದೆ. ಆಮೇಲೆ ಆ ಪಟ್ಟಿಗಳನ್ನು ಮುಚ್ಚಿಬಿಟ್ಟೆ. ನಮ್ಮ ಭಾಷೆಯಲ್ಲೇ ಹುಡುಕೋಣ ಅನ್ನಿಸಿತು. ರಾತ್ರಿ ಹಾಲು ಕುಡಿಸುವಾಗ ಒಂದು ಕೈಯಲ್ಲಿ ಫೋನ್ ಹಿಡಿದು ಹಳಗನ್ನಡ ಪದಗಳನ್ನು ನೋಡುತ್ತಿದ್ದೆ. ಕಿಟೆಲ್ ಅವರ 1894ರ ನಿಘಂಟು ಫೋನಿನಲ್ಲೇ ಓದಲು ಸಿಗುತ್ತದೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ನನ್ನ ತಮ್ಮ ಲೈಬ್ರರಿಯಲ್ಲಿ ನೋಡಿ ಪುಟಗಳ ಫೋಟೋ ಕಳಿಸುತ್ತಿದ್ದ. ಶಾಸನಗಳಲ್ಲಿ ಬರುವ ಹೆಸರುಗಳನ್ನೂ ಅವನೇ ಹುಡುಕಿ ಕೊಟ್ಟ.

ಎಷ್ಟು ಹೆಸರು ಬಂದವು, ಎಷ್ಟು ಹೋದವು! ಎರೆಯಂಗ ನನಗೆ ತುಂಬ ಹಿಡಿಸಿತ್ತು, ವಿಷ್ಣುವರ್ಧನನ ತಂದೆಯ ಹೆಸರು, ಎರೆಯ ಎಂದರೆ ಒಡೆಯ. ಆದರೆ ನಾವಿಬ್ಬರೂ ಹೇಳುವಾಗಲೇ "ಯೆರೆಯಂಗ" ಆಗುತ್ತಿತ್ತು. ಬೂತುಗ, ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಕುಮಾರನನ್ನು ಕೊಂದ ಗಂಗರ ದೊರೆ. ಶಾಲೆಯಲ್ಲಿ ಮೊದಲ ದಿನವೇ ಭೂತ ಎಂದು ಕರೆಯುತ್ತಾರೆ ಎಂದು ಗಂಡ ಬೇಡ ಎಂದರು. ನನ್ನಿ ಅಂದರೆ ಹಳಗನ್ನಡದಲ್ಲಿ ಸತ್ಯ. ಎಷ್ಟು ಚಂದದ ಪದ. ಆದರೆ ಕೇಳಿದವರೆಲ್ಲ ಹೆಣ್ಣುಮಗುವಾ ಎಂದರು. ನೇಸರ ಪಟ್ಟಿಯಲ್ಲಿ ಕೊನೆಯವರೆಗೂ ಇತ್ತು, ಅಷ್ಟರಲ್ಲಿ ಗಂಡನ ಸಹೋದ್ಯೋಗಿಯ ಮಗನಿಗೆ ಅದೇ ಹೆಸರು ಇಟ್ಟರು.

ಕದಿರ ಸಿಕ್ಕಿದ್ದು ಬೇರೆ ಪದ ಹುಡುಕುವಾಗ. ತಂಗದಿರ ಎಂಬ ಪದ ನೋಡುತ್ತಿದ್ದೆ. ಕದಿರು ಎಂದರೆ ಕಿರಣ; ತಂಪಾದ ಕದಿರು ಇರುವವನು, ಅಂದರೆ ಚಂದ್ರ. ಬಿಸುಗದಿರ ಎಂದರೆ ಸೂರ್ಯ. ಮುಂದಿನ ತಂಪು ಬಿಸಿ ಎರಡನ್ನೂ ತೆಗೆದರೆ ಉಳಿಯುವುದು ಕದಿರ. ಬರೀ ಬೆಳಕು. ಮಗು ಎದೆಯ ಮೇಲೆ ಮಲಗಿತ್ತು. ಮೆಲ್ಲಗೆ ಕರೆದು ನೋಡಿದೆ, ಕದಿರಾ ಅಂತ. ಕರೆಯುವಾಗ ಕೊನೆಯ ಅಕ್ಷರ ತಾನಾಗಿ ಉದ್ದವಾಗುತ್ತದೆ, ಬಾಯಿ ತೆರೆದೇ ಮುಗಿಯುತ್ತದೆ. ನನಗೆ ಆಗಲೇ ಗೊತ್ತಾಯಿತು.

ಗಂಡನಿಗೆ ಗೊತ್ತಾಗಲಿಲ್ಲ! "ಕದಿ ಅಂದರೆ ಕಳ್ಳತನ ಅಲ್ವಾ, ಹುಡುಗರು ಬಿಡ್ತಾರಾ?" ಎಂದರು. ನ್ಯಾಯವಾದ ಪ್ರಶ್ನೆ. ನಾನು ಎರಡು ರಾತ್ರಿ ಅದನ್ನೇ ಯೋಚಿಸಿದೆ. ಆಮೇಲೆ ಅಣ್ಣನ ಮಕ್ಕಳು ಮನೆಗೆ ಬಂದಾಗ, ಎಂಟು ಮತ್ತು ಹನ್ನೊಂದು ವರ್ಷದವರು, ಈ ಹೆಸರಿನ ಹುಡುಗ ನಿಮ್ಮ ಕ್ಲಾಸಿಗೆ ಬಂದರೆ ಏನಂತ ಚುಡಾಯಿಸುತ್ತೀರಿ ಎಂದು ನೇರವಾಗಿ ಕೇಳಿದೆ. ಸ್ವಲ್ಪ ಯೋಚಿಸಿ ಚಿಕ್ಕವನು "ಕುದುರೆ" ಎಂದ. ದೊಡ್ಡವಳು "ಕದೀ ಬೇಡ ಕದಿರ" ಎಂದಳು, ಆಮೇಲೆ "ಆದ್ರೆ ಹೆಸರು ಚೆನ್ನಾಗಿದೆ ಅತ್ತೆ" ಎಂದಳು. ಗಂಡ ಪಕ್ಕದಲ್ಲೇ ಕುಳಿತು ಕೇಳುತ್ತಿದ್ದರು. ಅಪರೂಪದ ಹೆಸರು ಇಡುವವರು ದಯವಿಟ್ಟು ಈ ಕೆಲಸ ಮಾಡಿ, ಮಕ್ಕಳನ್ನು ಕೇಳಿ. ದೊಡ್ಡವರು ಮುಖದ ಎದುರು ಚೆನ್ನಾಗಿದೆ ಎಂದುಬಿಡುತ್ತಾರೆ. ಹೆಸರನ್ನು ಫೋನಿನಲ್ಲಿ ಯಾರಿಗಾದರೂ ಹೇಳಿ, ಬರೆದುಕೊಳ್ಳಲು ಹೇಳಿ, ಏನು ಬರೆದರು ಎಂದು ನೋಡಿ. ಈ ಎರಡನೆಯದನ್ನು ನಾವು ಮಾಡಲಿಲ್ಲ. ಅದರ ಫಲ ಮುಂದೆ ಹೇಳುತ್ತೇನೆ.

ಅತ್ತೆಗೆ ಹೇಳುವುದು ಬಾಕಿ ಇತ್ತು. ತೊಟ್ಟಿಲಿಗೆ ಎಂಟು ದಿನ ಇರುವಾಗ ಉಳಿದ ಮೂರು ಹೆಸರುಗಳನ್ನು ಓದಿದೆ, ಕದಿರ ಎಂದಾಗ ದನಿ ಸ್ವಲ್ಪ ನಡುಗಿತು. ಅವರು ಹತ್ತಿ ಬತ್ತಿ ಹೊಸೆಯುತ್ತಿದ್ದರು, ಕೈ ನಿಂತಿತು. "ಕದಿರು ಅಂದ್ರೆ ಭತ್ತದ ತೆನೆ ಅಲ್ವಾ?" ಎಂದರು. ಅವರ ತವರು ಕುಂದಾಪುರದ ಕಡೆ. ನವರಾತ್ರಿ ಹೊತ್ತಿಗೆ ಅಲ್ಲಿ ಹೊಸ ಭತ್ತದ ತೆನೆ ತಂದು, ಮಾವಿನ ಎಲೆ ಹಲಸಿನ ಎಲೆ ಜೊತೆ ಸೇರಿಸಿ ಬಾಗಿಲಿಗೆ, ಕಂಬಕ್ಕೆ ಕಟ್ಟುತ್ತಾರೆ. ಕದಿರು ಕಟ್ಟುವುದು ಎನ್ನುತ್ತಾರೆ. ಅವರ ಅಪ್ಪ ಬೆಳಗಿನ ಜಾವ ಗದ್ದೆಯಿಂದ ತಲೆಯ ಮೇಲೆ ಹೊತ್ತು ತರುತ್ತಿದ್ದದ್ದು, ಅಂಗಳದಲ್ಲಿ ಕಾಲು ತೊಳೆಯಲು ಇವರೇ ನೀರು ಕೊಡುತ್ತಿದ್ದದ್ದು, ಎಲ್ಲ ಹೇಳಿದರು. ನಾನು ಮದುವೆಯಾಗಿ ಆರು ವರ್ಷದಲ್ಲಿ ಅವರು ತಮ್ಮ ಅಪ್ಪನ ಬಗ್ಗೆ ಇಷ್ಟು ಮಾತಾಡಿದ್ದು ಕೇಳಿರಲಿಲ್ಲ. ನಾನು ಬೆಳಕು ಎಂದು ಹುಡುಕಿದ ಪದದಲ್ಲಿ ಅವರಿಗೆ ತವರಿನ ಬಾಗಿಲು ಕಂಡಿತ್ತು. ತೊಟ್ಟಿಲ ದಿನ ಕಿವಿಯಲ್ಲಿ ನಕ್ಷತ್ರದ ಹೆಸರು, ಮಾವನ ಹೆಸರು ಹೇಳಿದ ಮೇಲೆ ಮೂರನೆಯದನ್ನು ಅವರೇ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಇನ್ನು ಕಾಗದದ ಕಥೆ.

ಮೊದಲು ಒಂದು ಪ್ರಶ್ನೆ ಬಗೆಹರಿಸಿಕೊಳ್ಳಬೇಕಾಯಿತು. ಬರೀ ಕದಿರ ಎಂದು ಬರೆಸುವುದಾ, ಮುಂದೆ ಏನಾದರೂ ಸೇರಿಸುವುದಾ? ನಮ್ಮಲ್ಲಿ ಮನೆತನದ ಹೆಸರು ಇಲ್ಲ, ಇನಿಷಿಯಲ್ ಮಾತ್ರ. ದುಬೈನಲ್ಲಿ ಇರುವ ನನ್ನ ಚಿಕ್ಕಪ್ಪನ ಮಗ ಎಚ್ಚರಿಸಿದ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇರುವವರಿಗೆ ಪ್ರವಾಸಿ ವೀಸಾದಲ್ಲಿ ಬರಲು ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ಹೇಳಿತು, ಆಗ ನಮ್ಮ ಕಡೆಯ ಎಷ್ಟೋ ಜನ ಕಷ್ಟಪಟ್ಟರು ಎಂದ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಬರೆಯಬೇಕು. ಹಾಗಾಗಿ ಮೊದಲಿನಿಂದಲೇ ಕದಿರ, ಅದರ ಮುಂದೆ ಅಪ್ಪನ ಹೆಸರು ಪೂರ್ತಿ ಎಂದು ನಿರ್ಧರಿಸಿದೆವು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ, ಜಾಗ ತೋರಿಸಲು ಜನನ ಪ್ರಮಾಣಪತ್ರವೇ ಆಧಾರ. ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲಕ್ಕೂ ಇದನ್ನೇ ಕೇಳುತ್ತಾರೆ. ಇದರಲ್ಲಿ ಹೇಗಿದೆಯೋ ಹಾಗೇ ಜೀವನಪೂರ್ತಿ ಹೋಗುತ್ತದೆ.

ಮಗುವಿಗೆ ನಾಲ್ಕೂವರೆ ತಿಂಗಳಾದಾಗ ನೋಂದಣಿ ಕಚೇರಿಗೆ ಹೋದೆವು. ಹೆಸರಿಲ್ಲದ ಪ್ರಮಾಣಪತ್ರ, ನಮ್ಮಿಬ್ಬರ ಆಧಾರ್, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಇಬ್ಬರೂ ಸಹಿ ಹಾಕಿದ ಅರ್ಜಿ. ಎಲ್ಲದರ ಎರಡೆರಡು ಜೆರಾಕ್ಸ್. ಮೊದಲ ದಿನ ಸರ್ವರ್ ಇರಲಿಲ್ಲ. ಎರಡನೇ ಸಲ ಎರಡು ಗಂಟೆ ಕಾದ ಮೇಲೆ ನಮ್ಮ ಸರದಿ. ಕೌಂಟರಿನವರು ಅರ್ಜಿ ನೋಡಿ "ಇದು ಹೆಸರಾ? ಪೂರ್ತಿ ಹೆಸರು ಬರೀರಿ" ಎಂದರು. ಇದೇ ಪೂರ್ತಿ ಎಂದೆ. ಯಾವ ಭಾಷೆ ಎಂದು ಕೇಳಿದರು. ಕನ್ನಡ ಎಂದೆ. ಹೇಳುವಾಗ ಗಂಟಲು ಕಟ್ಟಿತು, ಯಾಕೆ ಅಂತ ಈಗಲೂ ಗೊತ್ತಿಲ್ಲ. ಹಿಂದೆ ನಿಂತವರು ಅವಸರ ಮಾಡುತ್ತಿದ್ದರು, ಮಗು ಅಳುತ್ತಿತ್ತು. ಅವರು ಇಂಗ್ಲಿಷಿನಲ್ಲಿ ಟೈಪ್ ಮಾಡಿದರು, ಪರದೆ ತಿರುಗಿಸಿ ತೋರಿಸಿದರು, ನಾವು ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಸರಿ ಎಂದೆವು. ಕೆಳಗಿನ ಕನ್ನಡ ಸಾಲನ್ನು ನೋಡಲೇ ಇಲ್ಲ.

ಹನ್ನೆರಡು ದಿನದ ಮೇಲೆ ಪ್ರಮಾಣಪತ್ರ ತಂದು ಅತ್ತೆಯ ಕೈಗೆ ಕೊಟ್ಟೆವು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ಅವರು ಮಾತ್ರ ಕನ್ನಡ ಸಾಲು ಓದಿದರು. "ಇದೇನು, ಕಡಿರ ಅಂತ ಇದೆ?" ಎಂದರು.

ಕಡಿರ! ದ ಹೋಗಿ ಡ ಕೂತಿತ್ತು.

ನಮ್ಮ ಭಾಷೆಯ ದ, ಡ ಎರಡಕ್ಕೂ ಇಂಗ್ಲಿಷಿನಲ್ಲಿ ಇರುವುದು ಒಂದೇ ಡಿ. ತ, ಟ ಎರಡಕ್ಕೂ ಒಂದೇ ಟಿ. ನ, ಣ ಮತ್ತು ಲ, ಳ ಕೂಡ ಹಾಗೇ. ಹ್ರಸ್ವ ದೀರ್ಘಗಳ ಕಥೆಯೂ ಅದೇ, ನಮ್ಮ ಹೆಸರು ಕಾದಿರ ಕೂಡ ಆಗಬಹುದಿತ್ತು. ರಾಜೇಶ, ಸುರೇಶ ಎಂದಾದರೆ ಟೈಪ್ ಮಾಡುವವರಿಗೆ ಹೆಸರು ಮೊದಲೇ ಗೊತ್ತಿರುತ್ತದೆ, ತಪ್ಪಾದರೆ ಅವರೇ ತಿದ್ದುತ್ತಾರೆ. ಎಂದೂ ಕೇಳದ ಹೆಸರಾದರೆ ಯಂತ್ರ ಏನು ಬರೆದರೂ ಅದೇ ಸರಿ ಇರಬಹುದು ಎಂದುಕೊಳ್ಳುತ್ತಾರೆ. ಆ ದಿನ ತಪ್ಪು ನಮ್ಮದೂ ಇತ್ತು. ಹೋಗುವ ಮುಂಚೆ ಹೆಸರನ್ನು ಎರಡೂ ಲಿಪಿಯಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡು ಹೋಗಿ. ಟೈಪ್ ಮಾಡುವವರ ಮುಂದೆ ಆ ಹಾಳೆ ಇಡಿ. ಎರಡೂ ಸಾಲನ್ನು ಒಂದೊಂದೇ ಅಕ್ಷರವಾಗಿ ಓದದೆ ಸರಿ ಎನ್ನಬೇಡಿ, ಹಿಂದೆ ಎಷ್ಟು ಜನ ನಿಂತಿದ್ದರೂ. ಇಂಗ್ಲಿಷಿನಲ್ಲಿ ಹೆಚ್ ಸೇರಿಸಬೇಕಾ ಎಂದು ಹಲವರು ಕೇಳಿದ್ದಾರೆ. ಸೇರಿಸಿದರೆ ಡ ಆಗುವ ಭಯ ಕಡಿಮೆ, ಆದರೆ ಕಧಿರ ಆಗುವ ಸಾಧ್ಯತೆ ಬರುತ್ತದೆ. ನಾವು ಹೆಚ್ ಇಲ್ಲದೆ ಇಟ್ಟೆವು. ಕೊನೆಯ ಎ ಮಾತ್ರ ಬಿಡಲಿಲ್ಲ. ಅದಿಲ್ಲದಿದ್ದರೆ ತಮಿಳಿನ ಕದಿರ್ ಆಗುತ್ತದೆ. ಅದೂ ಚಂದದ ಹೆಸರೇ, ಆದರೆ ನಾವು ಇಟ್ಟದ್ದು ಅದಲ್ಲ.

ತಿದ್ದುಪಡಿಗೆ ಎರಡು ತಿಂಗಳು ಹೋಯಿತು. ಇದು ಅಕ್ಷರ ತಪ್ಪು, ಅಲ್ಲೇ ತಿದ್ದುತ್ತಾರೆ ಎಂದುಕೊಂಡು ಹೋದರೆ ಅಫಿಡವಿಟ್ ತನ್ನಿ ಎಂದರು. ನೂರು ರೂಪಾಯಿಯ ಇ-ಸ್ಟಾಂಪ್, ಟೈಪ್ ಮಾಡಿಸಿದ್ದು, ನೋಟರಿ ಎಲ್ಲ ಸೇರಿ ನಮಗೆ ನಾನೂರು ಆಯಿತು. ಅದನ್ನು ಕೊಟ್ಟ ಮೇಲೆ, ವಿಷಯ ಗೊತ್ತಿರುವ ಇಬ್ಬರ ಹೇಳಿಕೆಯೂ ಬೇಕು ಎಂದರು. ನಿಯಮದಲ್ಲಿ ಎರಡು ಬಗೆ ಇದೆ. ಬರವಣಿಗೆಯ ತಪ್ಪಾದರೆ ನೋಂದಣಾಧಿಕಾರಿ ವಿಚಾರಿಸಿ ತಾವೇ ಸರಿಪಡಿಸಬಹುದು. ವಿಷಯದಲ್ಲೇ ತಪ್ಪಾಗಿದ್ದರೆ ನಂಬಿಕಸ್ಥರಾದ ಇಬ್ಬರು ಬರೆದುಕೊಡಬೇಕು. ನಮ್ಮದು ಮೊದಲನೆಯ ಬಗೆ ಎಂದು ನಾನು ವಾದಿಸಿದೆ. ಆದರೆ ಕದಿರ ಎಂಬ ಹೆಸರೇ ಅವರಿಗೆ ಹೊಸದು, ಕಡಿರ ತಪ್ಪು ಎಂದು ಅವರಿಗೆ ಹೇಗೆ ತಿಳಿಯಬೇಕು? ನನ್ನ ತಮ್ಮ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಇಬ್ಬರೂ ಬರೆದುಕೊಟ್ಟರು. ಮೇಷ್ಟ್ರು ತಂಗದಿರ, ಬಿಸುಗದಿರ ಎಲ್ಲ ಉದಾಹರಣೆ ಕೊಟ್ಟು ಒಂದು ಪುಟ ಬರೆದಿದ್ದರು! ನಮಗೆ ಹೆಚ್ಚು ಕೆಲಸಕ್ಕೆ ಬಂದದ್ದು ಅರ್ಜಿಯ ಜೆರಾಕ್ಸ್, ನಾವು ಕೈಬರಹದಲ್ಲಿ ಕನ್ನಡದಲ್ಲಿ ಕದಿರ ಎಂದು ಬರೆದದ್ದು ಅದರಲ್ಲಿ ಸ್ಪಷ್ಟವಾಗಿತ್ತು. ಸ್ವೀಕೃತಿ ಮೊಹರು ಹಾಕಿಸಿಕೊಂಡ ಒಂದು ಪ್ರತಿ ನಿಮ್ಮ ಹತ್ತಿರ ಇರಲೇಬೇಕು. ನಮ್ಮ ಹತ್ತಿರ ಇದ್ದದ್ದು ಗಂಡನ ಅಭ್ಯಾಸದಿಂದ, ಅವರು ಎಲ್ಲದಕ್ಕೂ ಮೊಹರು ಹಾಕಿಸುತ್ತಾರೆ.

ಆ ಎರಡು ತಿಂಗಳು ನನಗೆ ಭಾರವಾಗಿದ್ದವು. ಐದು ಸಲ ಹೋದೆವು. ಗಂಡನ ರಜೆ ಮುಗಿದಿತ್ತು, ಎರಡು ಸಲ ನಾನೊಬ್ಬಳೇ ಮಗುವನ್ನು ಕಟ್ಟಿಕೊಂಡು ಹೋದೆ. ಒಂದು ದಿನ ಅಲ್ಲಿನ ಬೆಂಚಿನ ಮೇಲೆ ಕುಳಿತು, ಸುಮ್ನೆ ಎಲ್ಲರ ಹಾಗೆ ಒಂದು ಹೆಸರು ಇಟ್ಟಿದ್ದರೆ ಆಗುತ್ತಿರಲಿಲ್ವಾ ಎಂದು ನನ್ನನ್ನೇ ಬೈದುಕೊಂಡೆ. ಮನೆಗೆ ಬಂದು ಅತ್ತೆಗೆ ಅದನ್ನೇ ಹೇಳಿದೆ. ಅವರು "ಕೊಡು ಇಲ್ಲಿ" ಎಂದು ಫೈಲ್ ತೆಗೆದುಕೊಂಡರು. ಮಾರನೇ ಸಲ ನನ್ನ ಜೊತೆ ಅವರೇ ಬಂದರು, ನಮ್ಮ ಕೆಲಸ ಮುಗಿಯುವವರೆಗೂ ಕೌಂಟರಿನ ಪಕ್ಕ ನಿಂತೇ ಇದ್ದರು.

ಆಧಾರ್ ಸುಲಭವಾಗಿ ಆಯಿತು. ಐದು ವರ್ಷದೊಳಗಿನವರಿಗೆ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುವುದಿಲ್ಲ. ಫೋಟೋ, ಜನನ ಪ್ರಮಾಣಪತ್ರ, ಅಪ್ಪ ಅಥವಾ ಅಮ್ಮನ ಆಧಾರ್ ಸಾಕು. ನೋಂದಣಿಗೆ ದುಡ್ಡು ಕೊಡಬೇಕಾಗಿಲ್ಲ. ಅಲ್ಲೂ ಇಂಗ್ಲಿಷಿನಿಂದ ಕನ್ನಡ ತಾನಾಗಿ ಬರುತ್ತದೆ, ಅಲ್ಲೂ ಕಡಿರ ಎಂದೇ ಬಂತು. ಈ ಸಲ ನಾನು ನೋಡುತ್ತಿದ್ದೆ. ತಿದ್ದಿಸಿದೆ, ಓದಿದೆ, ಮತ್ತೆ ಓದಿದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಸಲ ಅವಕಾಶ, ಅದನ್ನು ಮಗು ತೊಟ್ಟಿಲಲ್ಲಿರುವಾಗಲೇ ಖರ್ಚು ಮಾಡುವುದು ಬೇಡ.

ಇನ್ನು ಲಸಿಕೆಯ ಕಾರ್ಡ್ ಒಂದು ಉಳಿದಿತ್ತು. ಹುಟ್ಟಿದಾಗಿನಿಂದ ಅದರಲ್ಲಿ "ಬೇಬಿ ಆಫ್" ಎಂದು ನನ್ನ ಹೆಸರೇ ಇತ್ತು. ಆರು ವಾರ, ಹತ್ತು ವಾರ, ಹದಿನಾಲ್ಕು ವಾರ, ಎಲ್ಲ ಸಲವೂ ನನ್ನ ಹೆಸರು ಕೂಗಿ ಅವನಿಗೆ ಚುಚ್ಚಿದ್ದರು. ಒಂಬತ್ತು ತಿಂಗಳ ದಡಾರ ಲಸಿಕೆಗೆ ಹೋದಾಗ ಹೆಸರು ಸೇರಿಸಿ ಎಂದೆ. ಎರಡು ಲಿಪಿಯಲ್ಲಿ ಬರೆದ ನನ್ನ ಹಾಳೆ ಚೀಲದಲ್ಲೇ ಇತ್ತು, ತೆಗೆಯಲು ಕೈ ಹಾಕಿದೆ. ಸಿಸ್ಟರ್ ಸ್ವಲ್ಪ ವಯಸ್ಸಾದವರು, ಧಾರವಾಡದ ಕಡೆಯ ಮಾತು. "ಏನ್ರಿ ಹೆಸರು?" ಎಂದರು. ಕದಿರ ಎಂದೆ.

"ನೂಲೋ ಕದರಿನ ಕದಿರಾ?" ಎಂದರು. "ನಮ್ಮಜ್ಜಿ ಚರಕಾ ಇಟ್ಟಿದ್ಲು."

ನನಗೆ ಆ ಅರ್ಥ ನಿಘಂಟಿನಲ್ಲಿ ಕಂಡಿತ್ತು, ಮರೆತೇಹೋಗಿತ್ತು. ಹೌದು ಎಂದೆ. ಅವರು ಪೆನ್ ತೆಗೆದು, ಸ್ಪೆಲ್ಲಿಂಗ್ ಕೇಳದೆ, ಕಾರ್ಡಿನ ಮೇಲೆ ಕನ್ನಡದಲ್ಲಿ ಬರೆದರು. ಸರಿಯಾಗಿ ಬರೆದರು. ಹಾಳೆ ಚೀಲದಲ್ಲೇ ಉಳಿಯಿತು.